ಭೂಲೋಕಮಲ್ಲನ ಗಂಧಭೋಗ

ನಮ್ಮ ಕಲಬುರ್ಗಿಯ ಸ್ಟೇಶನ್ ಬಜಾರದಲ್ಲಿ ಸಂಜೆಯ ಹೊತ್ತು ನಡೆದುಹೋಗುವವನಿಗೆ ಕಣ್ಣಿಗಿಂತ ಮೂಗಿಗೇ ಕೆಲಸ ಹೆಚ್ಚು. ಕುದಿಯುವ ಎಣ್ಣೆಯಿಂದ ಏಳುವ ಮಿರ್ಚಿಭಜಿಯ ಘಾಟು, ಬುಟ್ಟಿಯಲ್ಲಿ ನೀರು ಚಿಮುಕಿಸಿಕೊಂಡು ಕುಳಿತ ಮಲ್ಲಿಗೆ, ಬಿಸಿಲಿಗೆ ಕಾದ ಧೂಳು, ಇವೆಲ್ಲ ಒಂದನ್ನೊಂದು ನೂಕಿಕೊಂಡು ಬರುತ್ತವೆ. ಹಿಂದಿನ ವರ್ಷ ಮನೆಯಲ್ಲೊಂದು ಮಂಗಲಕಾರ್ಯವಿದ್ದಾಗ ಅತ್ತರು ಕೊಳ್ಳಲೆಂದು ಅಲ್ಲಿಯ ಒಂದು ಸಣ್ಣ ಅಂಗಡಿಯನ್ನು ಹೊಕ್ಕಿದ್ದೆ. ಅಂಗಡಿಯ ವೃದ್ಧರು ಬಹು ಸೌಜನ್ಯದಿಂದ ಕೂಡಿಸಿ, ಗಂಡಸರಿಗೆ ಬೇಕೋ ಹೆಂಗಸರಿಗೆ ಬೇಕೋ ಎಂದು ಕೇಳಿದರು. ಹೆಂಗಸರಿಗೆ ಎಂದೆ. ಗುಲಾಬಿ, ಮೊಗರಾ, ಇನ್ನೂ ಒಂದೆರಡು ಹೂವಿನ ಅತ್ತರುಗಳನ್ನು ಒಂದೊಂದಾಗಿ ಮುಂಗೈಗೆ ಸವರಿದರು. ಎಲ್ಲವೂ ಚೆನ್ನಾಗಿದ್ದವು. ಆದರೆ ಯಾವುದನ್ನು ಮೂಸಿದರೂ ಇದು ಹೆಣ್ಣಿನ ಕಂಪು ಎಂದು ಒಪ್ಪಲು ಮನಸ್ಸು ಬರಲಿಲ್ಲ. ಗುಲಾಬಿಯದು ಗುಲಾಬಿಯ ಕಂಪು, ಅಷ್ಟೆ. ನಾನು ಬಲ್ಲ ಹೆಂಗಸರಲ್ಲಿ ಬರೀ ಗುಲಾಬಿಯಾಗಿದ್ದವರು ಒಬ್ಬರೂ ಇಲ್ಲ. ಏನನ್ನೂ ಕೊಳ್ಳದೆ ಎದ್ದುಬಂದೆ. ಮೇಷ್ಟ್ರು ಬಿಗಿಮುಷ್ಟಿಯವರೆಂದು ಆ ವೃದ್ಧರು ಭಾವಿಸಿದ್ದರೆ ಅವರ ತಪ್ಪೇನೂ ಅಲ್ಲ.

ಮನೆಯ ದಾರಿಯಲ್ಲಿ ನೆನಪಿಗೆ ಬಂದವನು ಭೂಲೋಕಮಲ್ಲ. ನಾವು ಸಾಹಿತ್ಯ ಪಾಠಮಾಡುವವರು ಕಲ್ಯಾಣವೆಂದೊಡನೆ ಬಸವಣ್ಣನವರ ಕಾಲಕ್ಕೆ ಹಾರುತ್ತೇವೆ. ಅದಕ್ಕೆ ಮುಂಚೆ ಅಲ್ಲಿ ಆಳಿದ ಮೂರನೆಯ ಸೋಮೇಶ್ವರನಿಗೆ ನಮ್ಮ ಟಿಪ್ಪಣಿಗಳಲ್ಲಿ ಎರಡು ಪಂಕ್ತಿಗಳಿಗಿಂತ ಹೆಚ್ಚು ಸ್ಥಳವಿರುವುದಿಲ್ಲ. ಕಲಬುರ್ಗಿಯಿಂದ ಸುಮಾರು 80 ಕಿಲೋಮೀಟರು ದೂರದ ಆ ಊರಿನಲ್ಲಿ, ಸುಗಂಧವನ್ನು ಒಂದು ಶಾಸ್ತ್ರವೆಂದು ತಿಳಿದು ಅದರ ಮೇಲೆ ಅಧ್ಯಾಯಗಳನ್ನು ಬರೆದ ಚಕ್ರವರ್ತಿಯೊಬ್ಬನಿದ್ದನೆಂಬುದು ಅತ್ತರು ಮಾರುವವರಿಗೂ ತಿಳಿಯದು, ಕೊಳ್ಳುವವರಿಗೂ ತಿಳಿಯದು.

ದೊಡ್ಡ ಆಲದ ನೆರಳಿನಲ್ಲಿ ಬೆಳೆದ ಗಿಡದಂತೆ ಈತನ ಬಾಳು. ತಂದೆ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ, ತನ್ನ ಹೆಸರಿನದೇ ಶಕೆಯನ್ನು ಆರಂಭಿಸಿ, ಐವತ್ತು ವರ್ಷ ಆಳಿದವನು. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಚರಿತೆಯನ್ನು ಕಾವ್ಯವಾಗಿ ಬರೆದ. ನಮ್ಮ ಜಿಲ್ಲೆಯ ಮರ್ತೂರಿನವನೆನ್ನುವ ವಿಜ್ಞಾನೇಶ್ವರ ಅವನ ರಾಜ್ಯದಲ್ಲೇ ಮಿತಾಕ್ಷರವನ್ನು ರಚಿಸಿದ. 1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡಾಗ ಮಗನಿಗೆ ಉಳಿದದ್ದು ಗೆಲ್ಲಬೇಕಾದ ರಾಜ್ಯವಲ್ಲ, ಕಾಯ್ದುಕೊಳ್ಳಬೇಕಾದ ರಾಜ್ಯ. ಅವನೂ ತನ್ನ ಬಿರುದಿನಿಂದ ಭೂಲೋಕಮಲ್ಲ ವರ್ಷವೆಂಬ ಗಣನೆಯನ್ನು ತೊಡಗಿಸಿದ. ಆದರೆ ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಹೆಸರಿಗೆ ಮಾತ್ರ ಸಾಮಂತನಾಗಿದ್ದ. ಪೂರ್ವದಲ್ಲಿ ವೆಂಗಿಯ ಮೇಲಿನ ಹಿಡಿತ ಸಡಿಲಿ ಅದು ಚೋಳರ ಪಾಲಾಯಿತು. ಇತಿಹಾಸಕಾರರು ಈತನನ್ನು ಶಾಂತಿಪ್ರಿಯನೆಂದು ಕರೆದು ಮುಂದೆ ಸಾಗುತ್ತಾರೆ. ಆ ಮಾತಿನಲ್ಲಿ ತುಸು ಅನುಕಂಪವೂ ತುಸು ತಾತ್ಸಾರವೂ ಬೆರೆತಿರುವಂತೆ ನನಗೆ ತೋರುತ್ತದೆ. ತಂದೆಯ ಚರಿತೆಯನ್ನು ತಾನೂ ಬರೆಯತೊಡಗಿ, ವಿಕ್ರಮಾಂಕಾಭ್ಯುದಯವೆಂದು ಹೆಸರಿಟ್ಟ. ನಮಗೆ ಸಿಕ್ಕಿರುವ ಆ ಗ್ರಂಥ ಅಪೂರ್ಣವಾಗಿದೆ.

ಅವನ ಹೆಸರನ್ನು ಉಳಿಸಿದ್ದು ಇನ್ನೊಂದು ಗ್ರಂಥ. ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥಚಿಂತಾಮಣಿಯೆಂದೂ ಅದಕ್ಕೆ ಎರಡು ಹೆಸರು. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿತವಾದದ್ದು. ಇಪ್ಪತ್ತು ಅಧ್ಯಾಯಗಳಂತೆ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು, ಪಡೆದುದನ್ನು ಸ್ಥಿರಗೊಳಿಸುವುದು, ಆಮೇಲೆ ಉಪಭೋಗ, ವಿನೋದ, ಕ್ರೀಡೆ, ಹೀಗೆ ಅದರ ನಡೆ. ಆನೆ, ಕುದುರೆ, ರತ್ನಪರೀಕ್ಷೆ, ಚಿತ್ರಕಲೆ, ಸಂಗೀತ, ಮೀನು ಹಿಡಿಯುವ ಬಗೆ, ಅಡುಗೆ, ಏನುಂಟು ಏನಿಲ್ಲ! ನಮ್ಮ ಇಡ್ಲಿಯ ಹಿಂದಿನ ರೂಪವನ್ನು ಹುಡುಕುವವರು ಇಂದಿಗೂ ಅದರ ಅನ್ನಭೋಗದ ಬಾಗಿಲನ್ನೇ ತಟ್ಟುತ್ತಾರೆ. ಈ ಪಾಂಡಿತ್ಯಕ್ಕಾಗಿ ಜನ ಅವನನ್ನು ಸರ್ವಜ್ಞ ಚಕ್ರವರ್ತಿಯೆಂದರು. ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1925ರಿಂದ ಮೂರು ಸಂಪುಟಗಳಾಗಿ ಅದು ಅಚ್ಚಾಗಿದೆ. ಆ ಹಾಳೆಗಳನ್ನು ಮೊದಲ ಬಾರಿ ತಿರುವಿದಾಗ, ರಾಜ್ಯಶಾಸ್ತ್ರದ ಭಾಗವನ್ನು ಓದಬೇಕೆಂದು ಕುಳಿತ ನಾನು ಸ್ನಾನದ ಮನೆಯಲ್ಲೇ ಸಿಕ್ಕಿಕೊಂಡೆ.

ಹೂವಿನ ಕಂಪನ್ನು ಹೀರಿಕೊಂಡ ಎಳ್ಳಿನ ಎಣ್ಣೆ ನೆತ್ತಿಗೆ. ಮೈಗೆ ಉದ್ವರ್ತನದ ಹಿಟ್ಟು. ಸ್ನಾನವಾದ ಬಳಿಕ ಋತುವಿಗೆ ತಕ್ಕ ಲೇಪನ. ಬೇಸಗೆಗೆ ಒಗ್ಗುವ ಲೇಪನ ಚಳಿಗಾಲಕ್ಕೆ ಒಗ್ಗದು: ಶ್ರೀಗಂಧ ಕರ್ಪೂರಗಳು ತಂಪು, ಕಸ್ತೂರಿ ಕೇಸರಿಗಳು ಬಿಸುಪು. ಬಳಿಕ ತಾಂಬೂಲ, ಕೊನೆಗೆ ಧೂಪ. ಪುಡಿಯಾಗಿ, ಉಂಡೆಯಾಗಿ, ಬತ್ತಿಯಾಗಿ ಧೂಪವನ್ನು ಕಟ್ಟುವ ಬಗೆಗಳಿವೆ. ಈ ಸಾಮಗ್ರಿಗಳ ಭೂಗೋಲವನ್ನು ಎಣಿಸಿದರೆ ಬೆರಗಾಗುತ್ತದೆ. ಕಸ್ತೂರಿ ಹಿಮಾಲಯದ್ದು, ಕೇಸರಿ ಕಾಶ್ಮೀರದ್ದು, ಅಗರು ಕಾಮರೂಪದ ಕಡೆಯದು, ಒಳ್ಳೆಯ ಕರ್ಪೂರ ಕಡಲಾಚೆಯ ಸುಮಾತ್ರಾದ ಬಾರೂಸಿನದು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಶಾಸನಗಳಲ್ಲಿ ಈ ಸುಗಂಧದ್ರವ್ಯಗಳ ಹೆಸರುಗಳು ಮುತ್ತುರತ್ನಗಳ ಸಾಲಿನಲ್ಲೇ ನಿಲ್ಲುತ್ತವೆ. ಆ ಸಂಘದ 1088ರ ತಮಿಳು ಶಾಸನವೊಂದು ಬಾರೂಸಿನಲ್ಲೇ ದೊರೆತಿದೆ. ಶ್ರೀಗಂಧವೊಂದೇ ನಮ್ಮ ದಕ್ಷಿಣದ ಕಾಡಿನದು.

ಗಂಧಶಾಸ್ತ್ರ ಭೂಲೋಕಮಲ್ಲನಿಂದ ಹುಟ್ಟಿದ್ದೇನಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನಿಟ್ಟು, ಹದಿನಾರು ದ್ರವ್ಯಗಳನ್ನು ಹದಿನಾರು ಮನೆಗಳ ಚೌಕದಲ್ಲಿ ಕೂರಿಸಿದ್ದಾನೆ. ಹದಿನಾರರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 1,820. ಅಳತೆಯ ಹೆಚ್ಚುಕಡಮೆಗಳನ್ನೂ ಸೇರಿಸಿದರೆ ಆಗುವ ಸುಗಂಧಗಳು 1,74,720 ಎಂದು ಅವನ ಲೆಕ್ಕ. ನಮ್ಮ ಕನ್ನಡವೂ ಹಿಂದೆ ಬಿದ್ದಿರಲಿಲ್ಲ. ಸೋಮೇಶ್ವರನ ಮುತ್ತಜ್ಜ ಜಯಸಿಂಹನ ಆಶ್ರಯದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಮಳೆ, ಬಾವಿ, ಗಿಡಮರ, ಅಡುಗೆಗಳ ಜೊತೆಗೆ ಸುಗಂಧಕ್ಕೂ ಒಂದು ಅಧ್ಯಾಯವಿದೆ. ಅದು ಅರಮನೆಯ ಭೋಗಕ್ಕಾಗಿ ಬರೆದದ್ದಲ್ಲ, ಲೋಕದ ಉಪಕಾರಕ್ಕಾಗಿ ಬರೆದದ್ದು ಎಂಬುದನ್ನು ಹೆಸರೇ ಸಾರುತ್ತದೆ. ಕನ್ನಡಿಗನಾದ ನನಗೆ ಅದು ಸ್ವಲ್ಪ ಹೆಮ್ಮೆಯ ವಿಷಯ.

ಗಂಧಕಾರರ ಕ್ರಿಯೆಗಳನ್ನು ಗಂಗಾಧರನ ಗಂಧಸಾರದಂತಹ ಗ್ರಂಥಗಳು ಆರಾಗಿ ಎಣಿಸುತ್ತವೆ. ದ್ರವ್ಯದ ಪುಡಿಗೆ ಸುಗಂಧಜಲವನ್ನು ಉಣ್ಣಿಸುವುದು ಭಾವನ, ಬೇಯಿಸುವುದು ಪಾಚನ, ಮಲಗಿರುವ ಕಂಪನ್ನು ಇನ್ನೊಂದು ದ್ರವ್ಯದಿಂದ ಎಚ್ಚರಿಸುವುದು ಬೋಧ, ತೀಕ್ಷ್ಣವಾದುದೊಂದನ್ನು ಒಳಹೊಗಿಸುವುದು ವೇಧ, ಹೊಗೆಯೂಡಿಸುವುದು ಧೂಪನ, ಹೂವಿನ ಸಹವಾಸದಲ್ಲಿರಿಸುವುದು ವಾಸನ. ನನಗೆ ಈ ಹೆಸರುಗಳೇ ಒಂದು ಕಾವ್ಯಮೀಮಾಂಸೆಯಂತೆ ಕಾಣುತ್ತವೆ. ಇನ್ನೊಂದು ಸೋಜಿಗವುಂಟು. ಈ ದ್ರವ್ಯಗಳೆಲ್ಲ ತಮ್ಮಷ್ಟಕ್ಕೆ ತಾವು ಸುವಾಸನೆಯವಲ್ಲ. ನಖವೆಂಬುದು ಕಡಲ ಶಂಖದ ಬಾಯಿಯ ಮುಚ್ಚಳ. ಶುದ್ಧಿಮಾಡದೆ ಸುಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ಪುನುಗು ಹಸಿಯಾಗಿದ್ದಾಗ ಹತ್ತಿರ ಸುಳಿಯಲಾಗದು. ಕಸ್ತೂರಿಯೂ ಅತಿಯಾದರೆ ತಲೆನೋವೇ. ಆದರೆ ಇವುಗಳ ಒಂದು ಎಳೆ ಸೇರದಿದ್ದರೆ ಹೂಗಳ ಕಂಪು ಗಾಳಿಗೆ ಹಾರಿಹೋಗುತ್ತದೆ, ನಿಲ್ಲುವುದಿಲ್ಲ. ಸಿಹಿಯನ್ನು ಮಾತ್ರ ಕೂಡಿಸಿ ಗಂಧ ಕಟ್ಟಬಾರದೆಂಬುದು ಹಳಬರಿಗೆ ಚೆನ್ನಾಗಿ ತಿಳಿದಿತ್ತು.

ಇಷ್ಟು ತಿಳಿದವರು ಹೆಣ್ಣಿನ ಬಗೆಗೆ ಏನನ್ನು ತಿಳಿದಿದ್ದರು? ಇಲ್ಲಿ ನನಗೆ ಭೂಲೋಕಮಲ್ಲನೊಡನೆ ಜಗಳವಿದೆ. ಉಪಭೋಗಗಳ ವಿಂಶತಿಯಲ್ಲಿ ಮನೆ, ಸ್ನಾನ, ಪಾದುಕೆ, ತಾಂಬೂಲಗಳಿಂದ ತೊಡಗಿ, ಛತ್ರ, ಹಾಸಿಗೆ, ಧೂಪಗಳವರೆಗೆ ಹತ್ತೊಂಬತ್ತು ಭೋಗಗಳನ್ನು ಎಣಿಸಿ, ಇಪ್ಪತ್ತನೆಯದಾಗಿ ಅವನು ಇಡುವುದು ಯೋಷಿದ್ಭೋಗವನ್ನು. ಧೂಪದ ಹೊಗೆ ಆರುವ ಮೊದಲೇ ಹೆಣ್ಣು ಬರುತ್ತಾಳೆ, ಇನ್ನೊಂದು ಭೋಗವಾಗಿ. ಕಾಮಶಾಸ್ತ್ರದವರಂತೂ ಇನ್ನೂ ಸುಲಭದ ದಾರಿ ಹಿಡಿದರು: ಹೆಂಗಸರನ್ನು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ನಾಲ್ಕು ಜಾತಿಮಾಡಿ, ಒಂದೊಂದಕ್ಕೆ ಒಂದೊಂದು ವಾಸನೆಯನ್ನು ಹಂಚಿದರು. ಪದ್ಮಿನಿಯ ಪಾಲಿಗೆ ತಾವರೆ ಬಂದಿತು. ಹಸ್ತಿನಿಯ ಪಾಲಿಗೆ ಆನೆಯ ಮದ. ಹದಿನಾರು ದ್ರವ್ಯಗಳಿಂದ ಒಂದು ಮುಕ್ಕಾಲು ಲಕ್ಷ ಕಂಪುಗಳನ್ನು ಎಣಿಸಬಲ್ಲ ನಾಡಿನಲ್ಲಿ ಹೆಣ್ಣಿಗೆ ದೊರೆತದ್ದು ನಾಲ್ಕೇ!

ಕಣ್ಣೆದುರಿಗೆ ನಿದರ್ಶನಗಳಿಲ್ಲದೆ ಹೀಗಾಯಿತೆನ್ನೋಣವೆಂದರೆ ಚಾಲುಕ್ಯರ ಮನೆಯ ಚರಿತ್ರೆ ಒಪ್ಪುವುದಿಲ್ಲ. ಮುತ್ತಜ್ಜ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದವಳು, 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು. ಶಾಸನಗಳು ಅವಳನ್ನು ರಣಭೈರವಿಯೆಂದು ಕೊಂಡಾಡುತ್ತವೆ, ದಾನಧರ್ಮಗಳಲ್ಲಿಯೂ ಅಷ್ಟೇ ಬಾಯ್ತುಂಬ ಹೊಗಳುತ್ತವೆ. ತಂದೆಯ ಅರಸಿಯರಲ್ಲಿ ಚಂದಲದೇವಿ ಸ್ವಯಂವರದಲ್ಲಿ ವಿಕ್ರಮನನ್ನು ವರಿಸಿದಳೆಂದು ಬಿಲ್ಹಣ ವರ್ಣಿಸುತ್ತಾನೆ; ನೃತ್ಯದಲ್ಲಿ ಅವಳು ಹೆಸರಾದವಳು. ಇನ್ನೊಬ್ಬ ಅರಸಿ ಜಾಕಲದೇವಿ ಇಲ್ಲಿಯ ಚಿತ್ತಾಪುರದ ಕಡೆಯ ಇಂಗಳಗಿಯನ್ನು, ಅಂದಿನ ಇಂಗುಣಿಗೆಯನ್ನು, ಆಳುತ್ತಿದ್ದಳೆಂದು 1094ರ ಶಾಸನ ತಿಳಿಸುತ್ತದೆ. ಗಂಡನ ಒಲವು ಬೇರೆಡೆಗಿದ್ದರೂ ಜಿನಧರ್ಮದಲ್ಲಿ ಅವಳು ಅಚಲೆ. ಕೋಟೆ ಮುತ್ತುವ ಮುತ್ತಜ್ಜಿ, ಕುಣಿಯುವ ಅರಸಿ, ತನ್ನ ದೇವರನ್ನು ಬಿಡದ ಅರಸಿ, ಇವರೆಲ್ಲ ಒಂದೇ ಮನೆಯವರು. ಇವರನ್ನು ಯಾವ ತಾವರೆಯ ಕಂಪಿನಲ್ಲಿ ಅಡಗಿಸುವುದು?

ಹಾಗೆಂದು ಸೋಮೇಶ್ವರನಿಗೆ ಅನ್ಯಾಯ ಮಾಡಬಾರದು. ಅವನ ಮೂಗಿಗೆ ತಪ್ಪಿದ್ದು ಕೆಲವೊಮ್ಮೆ ಕಿವಿಗೆ ದಕ್ಕಿದೆ. ವಿನೋದಗಳ ವಿಂಶತಿಯಲ್ಲಿ ಹಾಡುಗಳನ್ನು ವಿವರಿಸುವಾಗ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುತ್ತ ಓವಿಯನ್ನು ಹಾಡುತ್ತಾರೆಂದು ಅವನು ಗುರುತಿಸಿದ್ದಾನೆ. ಚಕ್ರವರ್ತಿಯೊಬ್ಬ ಒನಕೆಯ ಸದ್ದಿನ ನಡುವೆ ಹಾಡನ್ನು ಆಲಿಸಿ, ಅದನ್ನು ಶಾಸ್ತ್ರಗ್ರಂಥದೊಳಕ್ಕೆ ತಂದನೆಂಬುದು ಸಣ್ಣ ಮಾತಲ್ಲ. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಪ್ರಿಯವಾದ ಎಡೆ ಅದು. ಅಲ್ಲಿ ಹೆಣ್ಣು ಯಾರ ಭೋಗವೂ ಅಲ್ಲ, ಬೆವರುತ್ತಿದ್ದಾಳೆ, ಹಾಡುತ್ತಿದ್ದಾಳೆ.

ಒಮ್ಮೆ ತರಗತಿಯಲ್ಲಿ ಈ ಗಂಧಭೋಗವನ್ನು ನಾನು ಉತ್ಸಾಹದಿಂದ ವರ್ಣಿಸುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, ಅಷ್ಟೊಂದು ಗಂಧವನ್ನು ತೇಯುತ್ತಿದ್ದವರು ಯಾರು ಸಾರ್ ಎಂದು ಕೇಳಿದಳು. ನಾನು ತಡವರಿಸಿದೆ. ಗಂಟೆ ಹೊಡೆದು ಮಾನ ಉಳಿಯಿತು. ಉತ್ತರ ಹೊಳೆದದ್ದು ರಾತ್ರಿ: ವಿರಾಟಪರ್ವ. ಅಜ್ಞಾತವಾಸದಲ್ಲಿ ದ್ರೌಪದಿ ಸೈರಂಧ್ರಿಯಾಗಿ ಸೇರಿದ್ದು ಇದೇ ಕೆಲಸಕ್ಕೆ. ಹೆರಳು ಹಾಕುವುದು, ಮಾಲೆ ಕಟ್ಟುವುದು, ಗಂಧ ತೇಯುವುದು. ಕೀಚಕನ ಅವಮಾನದ ಬಳಿಕ ಇರುಳಿನಲ್ಲಿ ಭೀಮನ ಬಳಿಗೆ ಹೋದಾಗ ಅವಳು ತೋರಿಸುವುದು ಕಣ್ಣೀರನ್ನು ಮಾತ್ರವಲ್ಲ, ಗಂಧ ತೇಯ್ದು ತೇಯ್ದು ಜಡ್ಡುಗಟ್ಟಿದ ಅಂಗೈಗಳನ್ನೂ. ಕುಂತಿಗಲ್ಲದೆ ಮತ್ತಾರಿಗೂ ಹಿಂದೆ ಗಂಧ ತೇಯ್ದವಳಲ್ಲ ಅವಳು. ರಾಣಿ, ದಾಸಿ, ಸೊಸೆ, ಸೇಡಿನ ಉರಿ, ಎಲ್ಲವೂ ಆ ಎರಡು ಅಂಗೈಗಳಲ್ಲಿವೆ. ಶ್ರೀಗಂಧದ ಕಂಪೂ ಅಲ್ಲೇ ಇದೆ.

ಆ ಅಂಗೈಗಳನ್ನು ನಾನು ಬಲ್ಲೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ನಮ್ಮ ತಂದೆ ತೀರಿಕೊಂಡರು. ಅಂದಿನಿಂದ ನಮ್ಮವ್ವನ ಮುಡಿಗೆ ಹೂವಿಲ್ಲ, ಮೈಗೆ ಗಂಧವಿಲ್ಲ. ಆದರೆ ದೇವರ ಪೂಜೆಗೆ ದಿನಾಲು ಬೆಳಗಿನಲ್ಲಿ ಸಾಣೆಕಲ್ಲಿನ ಮೇಲೆ ಗಂಧ ತೇಯುವ ಕೆಲಸ ಮಾತ್ರ ಅವಳದೇ. ತೇಯ್ದಾದ ಮೇಲೆ ಯಾರೇನೆಂದಾರೋ ಎಂದು ಬೆರಳುಗಳನ್ನು ತಿಕ್ಕಿ ತೊಳೆಯುತ್ತಿದ್ದಳು. ತೊಳೆದರೂ ಕಂಪು ಹೋಗುತ್ತಿರಲಿಲ್ಲ. ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿ, ಹೆಣ್ಣಿಗೆ ವಾರಸಿನಿಂದಲೋ ಕ್ರಯದಿಂದಲೋ ಪಾಲಿನಿಂದಲೋ ಬಂದದ್ದೆಲ್ಲ ಅವಳದೇ ಎಂದ. ಗಂಡುಮಕ್ಕಳಿಲ್ಲದೆ, ಬೇರೆಯಾಗಿದ್ದು ಸತ್ತವನ ಆಸ್ತಿಗೆ ವಿಧವೆಯನ್ನು ಹಕ್ಕುದಾರಳನ್ನಾಗಿ ಮಾಡಿದ. ಅದೇ ಧರ್ಮಶಾಸ್ತ್ರದ ಪರಂಪರೆ ಆ ವಿಧವೆಗೆ ಹೂವು, ಗಂಧ, ತಾಂಬೂಲಗಳನ್ನು ನಿಷೇಧಿಸಿತು. ಹೊಲ ಅವಳದಾಗಬಹುದು, ಹೊಲದಂಚಿನ ಮಲ್ಲಿಗೆ ಅವಳದಲ್ಲ. ಅವ್ವ ಹೋದಮೇಲೆ ಅವಳ ಟ್ರಂಕನ್ನು ತೆರೆದಾಗ, ಸೀರೆಗಳ ಮಡಿಕೆಯ ನಡುವೆ ಒಂದು ಹಿಡಿ ಲಾವಂಚದ ಬೇರು, ಒಣಗಿದ ಕೇದಗೆಯ ಒಂದು ಗರಿ ಸಿಕ್ಕವು. ಗರಿ ಅಷ್ಟು ಹಳೆಯದೇನಲ್ಲ. ಪ್ರತಿವರ್ಷ ಯಾರಿಗೂ ಕಾಣದಂತೆ ಬದಲಾಯಿಸುತ್ತಿದ್ದಳೆಂದು ತೋರುತ್ತದೆ. ಈ ವಿಷಯವನ್ನು ಇಲ್ಲಿ ಬರೆಯಬೇಕೋ ಬಾರದೋ ಎಂದು ಬಹಳ ಯೋಚಿಸಿದೆ.

ಭೂಲೋಕಮಲ್ಲನ ಬಳಿಕ ಸುಮಾರು ಎಂಟು ಶತಮಾನ ಕಳೆದು, 1921ರಲ್ಲಿ, ಪ್ಯಾರಿಸಿನಲ್ಲಿ ಉಡುಪಿನ ವ್ಯಾಪಾರಿ ಗೇಬ್ರಿಯೆಲ್ ಶನೆಲ್ ಎಂಬಾಕೆ ಅರ್ನೆಸ್ಟ್ ಬೊ ಎಂಬ ಗಂಧಕಾರನನ್ನು ಕರೆದು, ಗುಲಾಬಿಯದಲ್ಲ, ಮಲ್ಲಿಗೆಯದಲ್ಲ, ಹೆಣ್ಣಿನ ಕಂಪನ್ನು ಕಟ್ಟಿಕೊಡೆಂದಳು. ಅವನು ಮುಂದಿಟ್ಟ ಮಾದರಿಗಳಲ್ಲಿ ಐದನೆಯದನ್ನು ಆರಿಸಿದಳು. ಆ ಅಂಕಿಯೇ ಅದರ ಹೆಸರಾಯಿತು. ಗುಲಾಬಿ ಮಲ್ಲಿಗೆಗಳೂ ಅದರಲ್ಲಿವೆ. ಆದರೆ ರಸಾಯನಶಾಲೆಯಲ್ಲಿ ಹುಟ್ಟಿದ ಆಲ್ಡಿಹೈಡುಗಳು ಅವುಗಳ ಚಹರೆಯನ್ನು ಮರೆಸುತ್ತವೆ, ಅಡಿಯಲ್ಲಿ ಶ್ರೀಗಂಧ ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಐದು ವರ್ಷ ಮುಂಚೆ, 1916ರಲ್ಲಿ, ಯುದ್ಧದಿಂದಾಗಿ ಯೂರೋಪಿಗೆ ಹೋಗದೆ ಬಿದ್ದಿದ್ದ ಗಂಧದ ಕೊರಡುಗಳಿಂದ ಎಣ್ಣೆ ತೆಗೆಯಲು ಮೈಸೂರಿನಲ್ಲಿ ಸರಕಾರದ ಕಾರ್ಖಾನೆ ತೆರೆದಿತ್ತು. ಬೊ ಮಾಡಿದ್ದು ನಮ್ಮ ಬೋಧ, ವೇಧಗಳ ಕೆಲಸವನ್ನೇ. ಹೊಸದಾಗಿದ್ದುದು ಕೇಳಿದವರು ಯಾರೆಂಬುದು. ಇಪ್ಪತ್ತನೆಯ ಭೋಗವಾಗಿ ಎಣಿಸಿಕೊಳ್ಳಬೇಕಾಗಿದ್ದವಳು ಗಂಧಕಾರನೆದುರಿಗೆ ಕುಳಿತು ಇದು ಬೇಡ, ಇದು ಇರಲಿ ಎಂದಳು. ಅದೂ ಕೊನೆಗೆ ಸಿರಿವಂತರ ಸೀಸೆಯೇ ಆಯಿತೆನ್ನುವುದು ಬೇರೆ ಮಾತು.

ಸೋಮೇಶ್ವರ 1138ರಲ್ಲಿ ತೀರಿಕೊಂಡ. ಹನ್ನೆರಡು ವರ್ಷದ ಆಳ್ವಿಕೆ. ಮಗ ಜಗದೇಕಮಲ್ಲ, ಅವನ ಬಳಿಕ ಇನ್ನೊಬ್ಬ ಮಗ ತೈಲಪ ಪಟ್ಟವೇರಿದರು. ತೈಲಪನ ಕೈಯಿಂದ ಕಳಚುರಿ ಬಿಜ್ಜಳ ಕಲ್ಯಾಣವನ್ನು ಕಿತ್ತುಕೊಂಡ. ತಂದೆ ಕಟ್ಟಿದ್ದನ್ನು ಉಳಿಸಲೆಂದು ಎರಡನೆಯ ವಿಂಶತಿಯಲ್ಲಿ ಬರೆದ ಉಪಾಯಗಳು ಮಕ್ಕಳ ನೆರವಿಗೆ ಬರಲಿಲ್ಲ. ಭೋಗದ ಅಧ್ಯಾಯಗಳು ಮಾತ್ರ ಉಳಿದವು. ಗಂಧಶಾಲೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಇಂದಿನ ಬಸವಕಲ್ಯಾಣದಲ್ಲಿ ಯಾರೂ ತೋರಿಸಲಾರರು.

ಅವನು ತೀರಿಹೋದ ಕೆಲವೇ ದಶಕಗಳಲ್ಲಿ ಉಡುತಡಿಯ ಕಡೆಯಿಂದ ಒಬ್ಬ ಹೆಂಗಸು ಅದೇ ಊರಿಗೆ ನಡೆದುಬಂದಳು. ಅರಸನೊಬ್ಬನ ಭೋಗಗಳ ಎಣಿಕೆಯಲ್ಲಿ ಒಂದಾಗಲಾರೆನೆಂದು ಅವಳು ಅರಮನೆಯನ್ನು ಬಿಟ್ಟಿದ್ದಳು. ಬಿಡುವಾಗ ಆಭರಣ, ಲೇಪನ, ಉಟ್ಟ ಸೀರೆ ಎಲ್ಲವನ್ನೂ ಬಿಟ್ಟಿದ್ದಳು, ಮೈಗೆ ಕೂದಲೊಂದೇ ಮರೆ. ಅನುಭವ ಮಂಟಪದಲ್ಲಿ ಅಲ್ಲಮನ ಕಠಿಣವಾದ ಪ್ರಶ್ನೆಗಳಿಗೆ ಮಹಾದೇವಿ ಎದುರು ನಿಂತು ಉತ್ತರ ಕೊಟ್ಟ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಗಂಧಮಾಲ್ಯಗಳನ್ನೆಲ್ಲ ತೊರೆದ ಆಕೆ ತನ್ನ ವಚನಗಳಲ್ಲಿ ಕರೆಯುವ ದೇವರ ಹೆಸರು ಚೆನ್ನಮಲ್ಲಿಕಾರ್ಜುನ. ಆ ಹೆಸರಿನ ನಡುವೆ ಮಲ್ಲಿಗೆಯಿದೆ.